ಮೊದಲು ಟೇಪು, ಆಮೇಲೆ ಕತ್ತರಿ

ಸ್ತನ ದೊಡ್ಡದಾಗಿ ಎದೆ ಭಾರ, ಕುತ್ತಿಗೆ ನೋವು ಎಂದು ಹೇಳಿಕೊಂಡರೆ ಮೊದಲು ಸಿಗುವ ಉತ್ತರ ಎಲ್ಲ ಕಡೆ ಒಂದೇ: “ಸ್ವಲ್ಪ ತೂಕ ಇಳಿಸ್ಕೊಂಡು ಬಾ ಮಾರಾಯ್ತಿ.” ಮನೆಯಲ್ಲಿ ಅತ್ತೆ ಹೇಳುವುದೂ ಅದೇ, ಒಪಿಡಿಯಲ್ಲಿ ಡಾಕ್ಟರು ಹೇಳುವುದೂ ಅದೇ. ಇಬ್ಬರ ಕಾರಣ ಮಾತ್ರ ಬೇರೆ. ತೂಕ ಇಳಿದರೆ ಎದೆಯೂ ಇಳಿಯುತ್ತದೆ ಎಂಬುದು ಅತ್ತೆಯ ನಂಬಿಕೆ. ಎದೆ ಇಳಿಯಲಿ ಬಿಡಲಿ, ನಾಳೆ ಆಪರೇಷನ್ ಮಾಡಿದರೆ ಹೊಲಿಗೆ ಸರಿಯಾಗಿ ಕೂಡಬೇಕು ಎಂಬುದು ಡಾಕ್ಟರ ಚಿಂತೆ. ಈ ಎರಡು ಮಾತನ್ನು ಒಂದೇ ಎಂದುಕೊಂಡು ವರ್ಷಗಟ್ಟಲೆ ಸುಮ್ಮನೆ ಕಾಯುವ ಹೆಂಗಸರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ನಾನು ಎರಡೂ ದಾರಿ ಹಿಡಿದವಳು. ಮೊದಲು ತೂಕ ಇಳಿಸಿದ್ದು, ಆಮೇಲೆ ಸ್ತನ ಚಿಕ್ಕದು ಮಾಡುವ ಆಪರೇಷನ್. ನನ್ನ ಪಾಡಿನ ಕಥೆ ಬಿಟ್ಟು ಕ್ರಮವನ್ನಷ್ಟೇ ಬರೆಯುತ್ತೇನೆ.

ಸ್ತನದಲ್ಲಿ ಇರುವುದು ಹಾಲಿನ ಗ್ರಂಥಿ, ಕೊಬ್ಬು, ಇವೆರಡನ್ನು ಹಿಡಿದಿಡುವ ನಾರು. ಯಾರಲ್ಲಿ ಯಾವುದು ಎಷ್ಟು ಎಂದು ಹೊರಗಿನಿಂದ ನೋಡಿ ಹೇಳಲಾಗದು. ಕೊಬ್ಬಿನ ಪಾಲು ಹೆಚ್ಚಿದ್ದವರಿಗೆ ತೂಕ ಇಳಿದಂತೆ ಎದೆಯೂ ಇಳಿಯುತ್ತದೆ. ಗ್ರಂಥಿ, ನಾರು ಹೆಚ್ಚಿದ್ದವರಿಗೆ ಹತ್ತು ಕಿಲೋ ಹೋದರೂ ಬಳೆ ಸಡಿಲವಾಗುತ್ತದೆ, ಕೆನ್ನೆ ಬತ್ತುತ್ತದೆ, ಎದೆ ಮಾತ್ರ ಇದ್ದಲ್ಲೇ ಇರುತ್ತದೆ. ಮೈ ತೆಳ್ಳಗಿದ್ದ ಹದಿಹರೆಯದಲ್ಲೇ ಒಮ್ಮೆಗೇ ಬೆಳೆದ ಎದೆ ಸಾಮಾನ್ಯವಾಗಿ ಈ ಎರಡನೆಯ ಜಾತಿಯದು. ಇನ್ನೊಂದು ವಿಷಯ ಚರ್ಮದ್ದು. ಒಮ್ಮೆ ಜೋತ ಚರ್ಮ ವ್ಯಾಯಾಮದಿಂದ ಮೇಲೇರುವುದಿಲ್ಲ. ಕೊಬ್ಬು ಕರಗಿದರೆ ಭಾರ ಕಡಿಮೆಯಾಗಬಹುದು, ಜೋತು ಬೀಳುವುದು ಹೆಚ್ಚಾಗಲೂಬಹುದು.

ಹಾಗಾಗಿ ಮೊದಲ ಸಲಕರಣೆ ದರ್ಜಿಯ ಟೇಪು. ಎರಡು ಅಳತೆ ಸಾಕು. ಒಂದು, ಸ್ತನದ ಬುಡದ ಮಡಿಕೆಗೆ ಸರಿಯಾಗಿ ಎದೆಗೂಡಿನ ಸುತ್ತ, ಉಸಿರು ಪೂರ್ತಿ ಬಿಟ್ಟು, ಟೇಪು ಬಿಗಿಯಾಗಿ ಹಿಡಿದು. ಎರಡು, ಬ್ರಾ ಇಲ್ಲದೆ ಸೊಂಟದಿಂದ ಮುಂದೆ ಬಾಗಿ, ಅತಿ ಉಬ್ಬಿದಲ್ಲಿ, ಟೇಪು ಸಡಿಲವಾಗಿ ಹಿಡಿದು. ಮುಟ್ಟಿನ ಮುಂಚಿನ ವಾರ ಎದೆ ಊದಿರುವುದರಿಂದ ಆಗಿನ ಲೆಕ್ಕ ಸುಳ್ಳು ಹೇಳುತ್ತದೆ. ಮುಟ್ಟು ಶುರುವಾದ ಏಳರಿಂದ ಹತ್ತನೇ ದಿನದೊಳಗೆ, ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ನೋಡಬೇಕಾದದ್ದು ಎರಡರ ವ್ಯತ್ಯಾಸ. ಮೊದಲ ತಿಂಗಳು ಉಬ್ಬು 112 ಸೆಂಟಿಮೀಟರ್, ಬುಡ 90, ವ್ಯತ್ಯಾಸ 22 ಎನ್ನೋಣ. ಮೂರು ತಿಂಗಳ ಮೇಲೆ 106 ಮತ್ತು 84 ಬಂದರೆ ಆರು ಸೆಂಟಿಮೀಟರ್ ಇಳಿದಿದೆ ಎಂದು ಖುಷಿಪಡಬೇಡಿ. ವ್ಯತ್ಯಾಸ ಇನ್ನೂ 22. ಇಳಿದದ್ದು ಬೆನ್ನು, ಪಕ್ಕೆಯ ಕೊಬ್ಬು. ಅದೇ 104 ಮತ್ತು 86 ಬಂದರೆ ವ್ಯತ್ಯಾಸ 18ಕ್ಕೆ ಬಂತು, ಎದೆ ಕರಗುತ್ತಿದೆ, ತೂಕದ ದಾರಿಯಲ್ಲೇ ಇನ್ನಷ್ಟು ದೂರ ಹೋಗಬಹುದು.

ಭಾರ ಎಷ್ಟಿದೆ ಎಂದು ತಿಳಿಯುವ ಕುತೂಹಲವಿದ್ದರೆ ಬಚ್ಚಲಲ್ಲೇ ಉಪಾಯವಿದೆ. ದೊಡ್ಡ ಬೋಗುಣಿಯೊಳಗೆ ಬಕೆಟ್ಟಿಟ್ಟು, ಉಗುರು ಬೆಚ್ಚಗಿನ ನೀರನ್ನು ಅಂಚಿನವರೆಗೆ ತುಂಬಿ, ಬಾಗಿ ಒಂದು ಸ್ತನವನ್ನು ಬುಡದವರೆಗೆ ಮುಳುಗಿಸಿ. ಬೋಗುಣಿಗೆ ಚೆಲ್ಲಿದ ನೀರನ್ನು ಲೀಟರಿನಲ್ಲಿ ಅಳೆದರೆ, ಒಂದು ಲೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ. ಎರಡೂ ಕಡೆ ಒಂದೇ ಬರುವುದಿಲ್ಲ, ಹೆದರಬೇಡಿ. ಎಲ್ಲರಿಗೂ ಒಂದು ಕಡೆ ಸ್ವಲ್ಪ ಹೆಚ್ಚೇ. ಬಾಗಿಲ ಚಿಲಕ ಹಾಕಿಕೊಳ್ಳುವುದು ಮರೆಯದಿದ್ದರೆ ಸಾಕು.

ಈ ನೀರಿನ ಲೆಕ್ಕ ಇನ್ನೊಂದು ಭ್ರಮೆಯನ್ನೂ ಕಳೆಯುತ್ತದೆ. “ನನ್ನ ತೂಕವೆಲ್ಲ ಎದೆಯದ್ದೇ, ಅದನ್ನು ತೆಗೆದರೆ ಬಿಎಂಐ ತಾನೇ ಸರಿಹೋಗುತ್ತದೆ” ಎಂಬ ವಾದ ಪ್ರತಿ ಒಪಿಡಿಯಲ್ಲೂ ಕೇಳಿಬರುತ್ತದೆ. 158 ಸೆಂಟಿಮೀಟರ್ ಎತ್ತರ, 80 ಕಿಲೋ ಇದ್ದವರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 32. ಎರಡೂ ಕಡೆಯಿಂದ ಒಟ್ಟು ಎರಡು ಕಿಲೋ ತೆಗೆದರೂ ಇಳಿಯುವುದು 0.8 ಮಾತ್ರ. ಅದೇ ಎತ್ತರಕ್ಕೆ 30ರ ಕೆಳಗೆ ಬರಲು 75 ಕಿಲೋಗಿಂತ ಕಡಿಮೆಯಾಗಬೇಕು. ಸರ್ಜನ್ನರು ಹೇಳುವ ಗಡಿ ಒಬ್ಬರಿಂದೊಬ್ಬರಿಗೆ ಬೇರೆ. ಕೆಲವರು 30 ಎನ್ನುತ್ತಾರೆ, ಕೆಲವರು 35ರವರೆಗೂ ಒಪ್ಪುತ್ತಾರೆ. ಮೈ ದಪ್ಪ ಇದ್ದಷ್ಟೂ ಹೊಲಿಗೆ ಬಿಡುವುದು, ಕೀವಾಗುವುದು, ಅರಿವಳಿಕೆಯ ತೊಡಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವೆಲ್ಲ ಹೆಚ್ಚು ಎಂಬುದು ಎಲ್ಲರೂ ಒಪ್ಪುವ ಮಾತು. ಹಾಗಂತ ಸಣ್ಣಗಿದ್ದವರಿಗೆ ಮಾತ್ರ ಆಪರೇಷನ್ನಿನಿಂದ ನೋವು ಹೋಗುತ್ತದೆ ಎಂದಲ್ಲ. ಕುತ್ತಿಗೆ, ಹೆಗಲ ನೋವು ದಪ್ಪಗಿದ್ದವರಿಗೂ ಇಳಿಯುತ್ತದೆ.

ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ. ಆಪರೇಷನ್ ಆದ ಮೇಲೆ ಹತ್ತು ಹದಿನೈದು ಕಿಲೋ ಇಳಿಸಿದರೆ ಹೊಸದಾಗಿ ಕೂಡಿಸಿದ ಎದೆ ಮತ್ತೆ ಖಾಲಿಯಾಗಿ ಜೋಲುತ್ತದೆ. ಏರಿಸಿಕೊಂಡರೆ ಮತ್ತೆ ಬೆಳೆಯುತ್ತದೆ. ಆದ್ದರಿಂದ ಸರ್ಜನ್ ಕೇಳುವ ಪ್ರಶ್ನೆ “ಎಷ್ಟು ಇಳಿಸಿದ್ರಿ?” ಎಂಬುದಕ್ಕಿಂತ “ಎಷ್ಟು ತಿಂಗಳಿಂದ ತೂಕ ಹೀಗೇ ನಿಂತಿದೆ?” ಎಂಬುದು. ಮೂರರಿಂದ ಆರು ತಿಂಗಳು ಒಂದೆರಡು ಕಿಲೋ ಒಳಗೆ ನಿಂತಿರಬೇಕು.

ಮಲೆನಾಡಿನ ಅಡುಗೆಮನೆಯಲ್ಲಿ ತೂಕ ಇಳಿಸುವುದು ಹೇಳಿದಷ್ಟು ಸುಲಭವಲ್ಲ, ಆದರೆ ಎಲ್ಲಿ ಕೈ ಹಾಕಬೇಕೆಂದು ಗೊತ್ತಾದರೆ ಅಷ್ಟು ಕಷ್ಟವೂ ಅಲ್ಲ. ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ಇಳಿಯುತ್ತದೆ. 60 ಗ್ರಾಂ ಹಿಟ್ಟಿನ ಒಂದು ಅಕ್ಕಿ ರೊಟ್ಟಿಗೆ ಎಣ್ಣೆ ಬಿಟ್ಟೇ 215 ಕ್ಯಾಲೊರಿ. ಮೂರರ ಬದಲು ಎರಡು ತಿನ್ನಿ. ಪಲ್ಯ, ಸಾರು, ಚಟ್ನಿ ಸೇರಿ ಒಬ್ಬರ ಪಾಲಿಗೆ ದಿನಕ್ಕೆ 50 ಗ್ರಾಂ ಕಾಯಿತುರಿ ಬಿದ್ದರೆ ಅದೇ 175. ಬೆಲ್ಲದ ಕಾಫಿ ಐದು ಲೋಟ, ಲೋಟಕ್ಕೆ 10 ಗ್ರಾಂ ಬೆಲ್ಲವೆಂದರೆ ಬೆಲ್ಲದಿಂದಲೇ 190. ಈ ಮೂರರಲ್ಲೇ ಬೇಕಾದಷ್ಟು ಸಿಗುತ್ತದೆ, ಗಂಜಿ ಬಿಟ್ಟು ಓಟ್ಸ್ ತರಬೇಕಾಗಿಲ್ಲ. ಕಡಿಮೆ ಮಾಡಬಾರದ್ದು ಪ್ರೋಟೀನು. ಉಪವಾಸ ಮಾಡಿ ಬೇಗ ಇಳಿಸಿದವರ ಗಾಯ ತಡವಾಗಿ ಕೂಡುತ್ತದೆ. ದಿನಕ್ಕೆ 60 ಗ್ರಾಂ ದಾಟಬೇಕು: ಒಣ ಹೆಸರುಕಾಳು 50 ಗ್ರಾಮಿನಲ್ಲಿ 12, ಒಂದು ಮೊಟ್ಟೆಯಲ್ಲಿ 6, ಮೀನು 100 ಗ್ರಾಮಿನಲ್ಲಿ 18ರಿಂದ 20. ಮೊಟ್ಟೆ, ಮೀನು ಮುಟ್ಟದ ಮನೆಗಳಲ್ಲಿ ಕಾಳು, ಮೊಸರು, ಪನ್ನೀರಿನ ಮೇಲೇ ಲೆಕ್ಕ ತುಂಬಬೇಕು. ಮಜ್ಜಿಗೆ ನೀರು ಲೆಕ್ಕಕ್ಕೆ ಬರುವುದಿಲ್ಲ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ವಾರಕ್ಕೊಂದು ಸಲದ ಚುಚ್ಚುಮದ್ದುಗಳು ಈಗ ನಮ್ಮ ದೇಶದಲ್ಲೂ ಸಿಗುತ್ತವೆ. ಡಾಕ್ಟರು ಕೊಟ್ಟರೆ ತೆಗೆದುಕೊಳ್ಳಿ, ಆದರೆ ಅರಿವಳಿಕೆ ಕೊಡುವವರಿಗೆ ಮುಂಚೆಯೇ ಹೇಳಿ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಆರು ಗಂಟೆ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ.

ಇನ್ನು ವ್ಯಾಯಾಮ. “ವಾಕಿಂಗ್ ಮಾಡಿ” ಎನ್ನುವವರು ಬ್ರಾ ಬಗ್ಗೆ ಬಾಯಿ ಬಿಡುವುದಿಲ್ಲ. ಅಂಗಡಿಯಲ್ಲಿ ನಮ್ಮ ಕಪ್ ಸೈಜು ಸಿಗದಿದ್ದಾಗ ನಾವು ಮಾಡುವುದು ಬುಡದ ಪಟ್ಟಿ ದೊಡ್ಡದು ತೆಗೆದುಕೊಳ್ಳುವುದು, 36ರ ಬದಲು 40. ಆಗ ಪಟ್ಟಿ ಬೆನ್ನ ಮೇಲೆ ಏರುತ್ತದೆ, ಪಟ್ಟಿ ಹೊರಬೇಕಾದ ಭಾರವನ್ನೆಲ್ಲ ಹೆಗಲ ದಾರ ಹೊರುತ್ತದೆ, ಹೆಗಲಲ್ಲಿ ಗುಳಿ ಬೀಳುತ್ತದೆ. ಅರ್ಧ ನೋವು ಹೀಗೆ ಬಂದದ್ದು. ಪಟ್ಟಿ ಬುಡದ ಅಳತೆಗೇ ಇರಲಿ, ಕಪ್ ಎಷ್ಟು ದೊಡ್ಡದಾದರೂ ಸರಿ. ಶಿವಮೊಗ್ಗದ ಅಂಗಡಿಗಳಲ್ಲಿ ಸಿಗದಿದ್ದರೆ ಆನ್‌ಲೈನ್ ತರಿಸಬೇಕು. ನಡೆಯುವಾಗ ಒಳಗೆ ಮಾಮೂಲಿ ಬ್ರಾ, ಮೇಲೆ ಬಿಗಿ ಸ್ಪೋರ್ಟ್ಸ್ ಬ್ರಾ, ಹೀಗೆ ಎರಡು ಹಾಕಿದರೆ ಕುಲುಕಾಟ ತಡೆಯುತ್ತದೆ. ಓಟ, ಸ್ಕಿಪ್ಪಿಂಗ್ ಬೇಡ. ತೋಟದ ಏರು ಹತ್ತಿ ಇಳಿಯುವುದು ಅರ್ಧ ಗಂಟೆ, ವಾರಕ್ಕೆ ಐದು ದಿನ, ಜೊತೆಗೆ ರಬ್ಬರ್ ಪಟ್ಟಿ ಎಳೆದು ಬೆನ್ನಿನ ಮೇಲ್ಭಾಗ ಗಟ್ಟಿ ಮಾಡಿಕೊಳ್ಳುವ ವ್ಯಾಯಾಮ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬಾಗಿ ಅಡಿಕೆ ಸುಲಿಯುವವರು ಇದನ್ನು ಆಪರೇಷನ್ ಆಗಲಿ ಬಿಡಲಿ ಮಾಡಬೇಕು.

ಮಳೆಗಾಲದ ಮಾತು ಬೇರೆಯೇ ಬರೆಯಬೇಕು. ಆಗುಂಬೆ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ಗಳದಲ್ಲಿ, ಅದೂ ಅರೆಬರೆ. ದಪ್ಪ ಹತ್ತಿಯ ಬ್ರಾ ಮೂರು ದಿನವಾದರೂ ಪಟ್ಟಿಯ ಎಲಾಸ್ಟಿಕ್ಕಿನ ಹತ್ತಿರ ತೇವವೇ. ಅದನ್ನು ಹಾಕಿಕೊಂಡರೆ ಸ್ತನದ ಬುಡದ ಮಡಿಕೆ ಕೆಂಪಾಗಿ, ತುರಿಸಿ, ಒಡೆದು ವಾಸನೆ ಬರುತ್ತದೆ. ಪೌಡರ್ ಹಾಕಿದರೆ ಬೆವರಿಗೆ ಕಲಸಿ ಹಿಟ್ಟಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸ್ಟೀರಾಯ್ಡ್ ಬೆರೆತ ಟ್ಯೂಬು ಕೊಟ್ಟುಬಿಡುತ್ತಾರೆ. ಎರಡು ದಿನದಲ್ಲಿ ತುರಿಕೆ ಮಾಯ, ಎರಡು ವಾರದಲ್ಲಿ ಹುಳುಕಡ್ಡಿ ದುಪ್ಪಟ್ಟು, ಚರ್ಮವೂ ತೆಳು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಕ್ಲೊಮೆಥಾಸೋನ್, ಬೆಟಾಮೆಥಾಸೋನ್ ಎಂಬ ಹೆಸರಿದ್ದರೆ ವಾಪಸ್ ಕೊಡಿ. ಬರೀ ಕ್ಲೋಟ್ರಿಮಜೋಲ್ 1 ಶೇಕಡಾ ಮುಲಾಮು ದಿನಕ್ಕೆ ಎರಡು ಸಲ, ತುರಿಕೆ ನಿಂತ ಮೇಲೂ ಒಂದೆರಡು ವಾರ. ಮಡಿಕೆಯಲ್ಲಿ ಹಳೇ ಹತ್ತಿ ಸೀರೆಯ ಒಣ ತುಂಡು, ಒದ್ದೆಯಾದಾಗಲೆಲ್ಲ ಬದಲು. ಬ್ರಾ ಹಾಕುವ ಮುನ್ನ ಪಟ್ಟಿಗೆ ಇಸ್ತ್ರಿ. ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ಚರ್ಮ ಒಡೆದಿರುವಾಗ ಯಾವ ಸರ್ಜನ್ನೂ ಕತ್ತರಿ ಮುಟ್ಟುವುದಿಲ್ಲ. ಆದರೆ ಪ್ರತಿ ಮಳೆಗಾಲ ಹೀಗಾಗುತ್ತದೆ ಎಂಬ ಡಾಕ್ಟರ ಚೀಟಿಗಳನ್ನು ಎತ್ತಿಡಿ, ಮುಂದೆ ಬೇಕಾಗುತ್ತವೆ.

ಆರು ತಿಂಗಳ ಕೊನೆಗೆ ಕ್ಯಾಲೆಂಡರ್ ತಿರುಗಿಸಿ ನೋಡಿದರೆ ಉತ್ತರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ತೂಕ ಇಳಿದಿದೆ, ವ್ಯತ್ಯಾಸವೂ ಇಳಿದಿದೆ, ನೋವು ಕಡಿಮೆ: ಆಪರೇಷನ್ ಬೇಡ, ಇನ್ನಾರು ತಿಂಗಳು ನೋಡಿ. ತೂಕ ಇಳಿದಿದೆ, ವ್ಯತ್ಯಾಸ ಹಾಗೇ ಇದೆ: ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಪ್ರಾಮಾಣಿಕವಾಗಿ ಪ್ರಯತ್ನಪಟ್ಟರೂ ಭಾರ, ನೋವಿನಿಂದ ನಡೆಯಲೇ ಆಗದೆ ತೂಕ ಇಳಿಯದವರನ್ನು “ಇಳಿಸಿಕೊಂಡು ಬಾ” ಎಂದು ಮೂರನೇ ಸಲ ವಾಪಸ್ ಕಳಿಸುವುದು ನನ್ನ ಪ್ರಕಾರ ಅನ್ಯಾಯ. ಬಿಎಂಐ 35ರ ಒಳಗಿದ್ದರೆ ಇನ್ನೊಬ್ಬ ಸರ್ಜನ್ನರ ಅಭಿಪ್ರಾಯ ಕೇಳಿ. ವರ್ಷದೊಳಗೆ ಮಗು ಬೇಕೆನ್ನುವವರು ಮಾತ್ರ ಕಾಯುವುದೇ ಸರಿ, ಬಸುರಿಯಲ್ಲಿ ಎದೆ ಮತ್ತೆ ಬದಲಾಗುತ್ತದೆ. ಮೊಲೆಹಾಲು ಬಿಡಿಸಿದವರು ಕನಿಷ್ಠ ಆರು ತಿಂಗಳು ಬಿಡಬೇಕು.

ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಶಿವಮೊಗ್ಗದಲ್ಲೇ, ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೋ ಖಾಸಗಿಯಲ್ಲೋ ಮುಗಿಸಬಹುದು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಮೊದಲು ಅದನ್ನು ಏರಿಸಬೇಕು. ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ಬೇಕೇ ಬೇಕು. ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ಚಿಕ್ಕವರಿಗೆ ಅಲ್ಟ್ರಾಸೌಂಡ್. ಒಳಗೆ ಗಂಟಿದ್ದರೆ ದಾರಿಯೇ ಬೇರೆ. ಆಪರೇಷನ್ನಿಗೆ ಹೋಗಬೇಕಾದದ್ದು ಪ್ಲಾಸ್ಟಿಕ್ ಸರ್ಜನ್ನರ ಹತ್ತಿರ, ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಪ್ಲಾಸ್ಟಿಕ್ ಸರ್ಜರಿ ಪದವಿ ಮಾಡಿದವರು. ‘ಕಾಸ್ಮೆಟಿಕ್’ ಎಂಬ ಬೋರ್ಡು ಮಾತ್ರ ಸಾಲದು.

ಅವರು ನಿಮ್ಮನ್ನು ನೆಟ್ಟಗೆ ನಿಲ್ಲಿಸಿ, ಕತ್ತಿನ ಕೆಳಗಿನ ಮೂಳೆಯ ಗುಳಿಯಿಂದ ತೊಟ್ಟಿನವರೆಗೆ ಅಳೆಯುತ್ತಾರೆ. ಸಾಮಾನ್ಯ ಎದೆಯಲ್ಲಿ ಅದು 20 ಸೆಂಟಿಮೀಟರ್ ಆಸುಪಾಸು, ಭಾರ ಎದೆಯಲ್ಲಿ 30 ದಾಟುವುದುಂಟು. ಈ ದೂರದ ಮೇಲೇ ಮುಂದಿನದೆಲ್ಲ ನಿಂತಿದೆ. ತೊಟ್ಟನ್ನು ಕತ್ತರಿಸಿ ತೆಗೆಯುವುದಿಲ್ಲ. ರಕ್ತನಾಳವಿರುವ ಮಾಂಸದ ಪಟ್ಟಿಯೊಂದರ ಮೇಲೆ ಅದನ್ನು ಉಳಿಸಿಕೊಂಡೇ ಮೇಲಕ್ಕೆ ಸರಿಸುತ್ತಾರೆ. ದೂರ ತೀರಾ ಹೆಚ್ಚಿದ್ದರೆ ಅಷ್ಟುದ್ದಕ್ಕೆ ರಕ್ತ ತಲುಪುವುದಿಲ್ಲ, ಆಗ ತೊಟ್ಟನ್ನು ಬಿಡಿಸಿ ಕಸಿ ಮಾಡಿದಂತೆ ಕೂರಿಸಬೇಕಾಗುತ್ತದೆ. ಸ್ಪರ್ಶವೂ ಹೋಗುತ್ತದೆ, ಹಾಲೂಡಿಸುವುದೂ ಆಗದು. ಕತ್ತರಿಸಿ ಹೊಲಿಯುವ ಗೆರೆ ಮುಖ್ಯವಾಗಿ ಎರಡು ಬಗೆ. ತೊಟ್ಟಿನ ಸುತ್ತ ಬಂದು ನೇರ ಕೆಳಗಿಳಿಯುವುದು ಒಂದು. ಅದರ ಜೊತೆಗೆ ಬುಡದ ಮಡಿಕೆಯುದ್ದಕ್ಕೂ ಸಾಗುವ ಲಂಗರಿನಾಕಾರದ್ದು ಇನ್ನೊಂದು. ಹೆಚ್ಚು ತೆಗೆಯಬೇಕಾದಲ್ಲಿ ಸಾಮಾನ್ಯವಾಗಿ ಎರಡನೆಯದು. ಇಂಥದ್ದೇ ಕಪ್ ಸೈಜು ಬರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಎದ್ದು ಬನ್ನಿ.

ದುಡ್ಡಿನ ಮಾತು. ವಿಮೆ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಎಲ್ಲ ಆರೋಗ್ಯ ವಿಮೆಗಳಿಗೂ ಒಂದೇ ಮಾಡಿಟ್ಟ ಹೊರಗಿಡುವ ಪಟ್ಟಿಯಲ್ಲಿ ಎಂಟನೆಯ ಸಂಕೇತ ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಯದು. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ್ದು, ಅಥವಾ ನೇರವಾದ ತಕ್ಷಣದ ಆರೋಗ್ಯದ ಅಪಾಯ ತಪ್ಪಿಸಲು ಮಾಡುವುದು ಬಿಟ್ಟರೆ ದುಡ್ಡು ಬರುವುದಿಲ್ಲ. ಹಾಗಾಗಿ ಕೈಯಿಂದಲೇ ಹಾಕಬೇಕಾಗುತ್ತದೆ ಎಂದುಕೊಂಡೇ ಹೊರಡಿ. ಮೂಳೆ ಡಾಕ್ಟರ ಚೀಟಿ, ಚರ್ಮದ ಚೀಟಿ, ಫಿಸಿಯೋಥೆರಪಿಯ ದಾಖಲೆ ಸೇರಿಸಿ ಮುಂಗಡ ಒಪ್ಪಿಗೆಗೆ ಒಮ್ಮೆ ಬರೆದು ಕೇಳುವುದರಲ್ಲಿ ನಷ್ಟವಿಲ್ಲ, ಉತ್ತರವೂ ಬರಹದಲ್ಲೇ ಬರಲಿ. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಒಂದು ಕಡೆಗೆ 500 ಗ್ರಾಂ’ ಲೆಕ್ಕ ಅಮೆರಿಕದ ವಿಮೆಯವರದ್ದು, ಇಲ್ಲಿ ತೋರಿಸಿ ಪ್ರಯೋಜನವಿಲ್ಲ. ಆಸ್ಪತ್ರೆಯ ಅಂದಾಜು ಪಟ್ಟಿಯಲ್ಲಿ ಸರ್ಜನ್ ಫೀಸು, ಅರಿವಳಿಕೆ, ಥಿಯೇಟರು, ರೂಮು, ತೆಗೆದ ಮಾಂಸದ ಪೆಥಾಲಜಿ ಪರೀಕ್ಷೆ, ಡ್ರೆಸ್ಸಿಂಗ್ ಭೇಟಿಗಳು, ಜಿಎಸ್‌ಟಿ ಇವೆಲ್ಲ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ. ಕೊನೆಯ ಮೂರು ಬಿಟ್ಟುಹೋಗಿರುವುದು ಮಾಮೂಲು.

ತಿಂಗಳು ಆರಿಸುವುದು ಮಲೆನಾಡಿನವರಿಗೆ ದೊಡ್ಡ ವಿಷಯ. ದೀಪಾವಳಿಯಿಂದ ಅಡಿಕೆ ಕೊಯ್ಲು, ಮನೆಯ ಹೆಂಗಸು ಮಲಗುವ ಹಾಗಿಲ್ಲ. ಮಳೆಗಾಲದಲ್ಲಿ ಹೊಲಿಗೆ ಒಣಗದು. ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ ಮಾಡಿಸಿಕೊಂಡರೆ ಆರು ವಾರದ ಪಥ್ಯ ಯುಗಾದಿಯ ಆಸುಪಾಸಿಗೆ, ತಡವಾದರೂ ಅದು ಕಳೆದು ಎರಡು ವಾರದೊಳಗೆ ಮುಗಿಯುತ್ತದೆ, ಮಳೆ ಹಿಡಿಯುವಷ್ಟರಲ್ಲಿ ಗೆರೆ ಗಟ್ಟಿಯಾಗಿರುತ್ತದೆ.

ಆಪರೇಷನ್ನಿಗೆ ಮುಂಚಿನ ನಾಲ್ಕು ವಾರದ ಬಗ್ಗೆ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು: ಕವಳ, ಅಂದರೆ ಎಲೆ ಅಡಿಕೆ. ಬೀಡಿ ಸಿಗರೇಟು ಸೇದುತ್ತೀರಾ ಎಂದು ಕೇಳಿದರೆ ನಮ್ಮ ಹೆಂಗಸರು ಇಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಊಟದ ಮೇಲಿನ ಕವಳದೊಳಗೆ ಹೊಗೆಸೊಪ್ಪಿನ ಎಸಳು ಇರುತ್ತದಲ್ಲ, ಅದರ ನಿಕೋಟಿನ್ನೂ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಮೊದಲೇ ತೆಳುವಾದ ದಾರಿಯಲ್ಲಿ ರಕ್ತ ತಲುಪಬೇಕಾದ ತೊಟ್ಟು ಕಪ್ಪಾಗಿ ಸತ್ತುಹೋಗಬಹುದು. ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಹೊಗೆಸೊಪ್ಪು ಪೂರ್ತಿ ಬಂದ್. ಗರ್ಭನಿರೋಧಕ ಮಾತ್ರೆ, ಆಸ್ಪಿರಿನ್, ನೋವಿನ ಮಾತ್ರೆ, ಮನೆಮದ್ದಿನ ಕಷಾಯ, ಲೇಹ್ಯ ಏನೇ ಇದ್ದರೂ ಪಟ್ಟಿ ಮಾಡಿ ಕೊಡಿ, ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳುತ್ತಾರೆ.

ಆಪರೇಷನ್ ದಿನ ಬೆಳಿಗ್ಗೆ ನಿಲ್ಲಿಸಿ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕುತ್ತಾರೆ. ಮಲಗಿದರೆ ಎದೆ ಪಕ್ಕಕ್ಕೆ ಸರಿಯುವುದರಿಂದ ನಿಂತೇ ಹಾಕಬೇಕು. ಪೂರ್ತಿ ಅರಿವಳಿಕೆಯಲ್ಲಿ ಎರಡರಿಂದ ನಾಲ್ಕು ಗಂಟೆ. ಒಳಗಿನ ರಕ್ತ, ನೀರು ಹೊರಹೋಗಲು ಎರಡು ಕಡೆ ಡ್ರೇನ್ ಕೊಳವೆ ಇಟ್ಟಿದ್ದರೆ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಅದೇ ಸಂಜೆ ನಡೆಸುತ್ತಾರೆ, ಕಾಲಿನಲ್ಲಿ ಹೆಪ್ಪುಗಟ್ಟಬಾರದೆಂದು. ಮೊದಲ ಒಂದೆರಡು ದಿನ ನೋಡಿಕೊಳ್ಳಬೇಕಾದದ್ದು: ಒಂದೇ ಕಡೆ ಇದ್ದಕ್ಕಿದ್ದಂತೆ ಬಿಗಿಯಾಗಿ ಊದಿ ನೋವು ಏರಿದರೆ ಒಳಗೆ ರಕ್ತ ನಿಂತಿದೆ, ಆಗಲೇ ಕರೆಯಬೇಕು. ತೊಟ್ಟು ನೀಲಿ ಅಥವಾ ಕಪ್ಪಾದರೂ ಹಾಗೆಯೇ. ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ಬೆಳಗಾಗಲಿ ಎಂದು ಕಾಯುವ ಸಂಗತಿಯಲ್ಲ.

ಮಣಿಪಾಲದ ಕಡೆ ಹೋಗಿ ಮಾಡಿಸಿಕೊಂಡವರು ಡ್ರೇನ್ ತೆಗೆದ ಮರುದಿನವೇ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಬೇಡಿ. ವಾಂತಿಗೆ ಎದೆ ಕುಲುಕಿದರೆ ಹೊಲಿಗೆಯ ಗತಿ ಹೇಳಬೇಕಿಲ್ಲ. ಮೊದಲ ಡ್ರೆಸ್ಸಿಂಗ್ ಬಿಚ್ಚುವವರೆಗೆ ಅಲ್ಲೇ ರೂಮು ಹಿಡಿದು ಇರಿ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಲೇಬೇಕು, ಎದೆಗೂ ಬೆಲ್ಟಿಗೂ ನಡುವೆ ಮಡಿಸಿದ ಟವೆಲ್ ಇರಲಿ. ಬೆಂಗಳೂರಿನಿಂದ ರೈಲಿನಲ್ಲಿ ಬರುವವರು ಕೆಳಗಿನ ಬರ್ತ್ ತೆಗೆದುಕೊಂಡು, ಬ್ಯಾಗು ಎಳೆಯುವ ಕೆಲಸ ಜೊತೆಗಿದ್ದವರಿಗೆ ಬಿಡಿ.

ಮನೆಯಲ್ಲಿ ಆರು ವಾರ ಹಗಲು ರಾತ್ರಿ ತಂತಿಯಿಲ್ಲದ, ಮುಂದೆ ಹುಕ್ ಇರುವ ಬಿಗಿ ಬ್ರಾ. ಮೂರು ಇಟ್ಟುಕೊಳ್ಳಿ. ಬೆನ್ನಿಗೆ ದಿಂಬು ಕೊಟ್ಟು ಅರೆ ಒರಗಿ ಮಲಗಬೇಕು. ಎರಡು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ ಎಂದರೆ ನಮ್ಮ ಮನೆಗಳಲ್ಲಿ ಏನೇನು ಹೋಯಿತು ನೋಡಿ: ಬಾವಿಯ ಕೊಡಪಾನ, ಕುಕ್ಕರ್, ಒದ್ದೆ ಬಟ್ಟೆಯ ಬಕೆಟ್, ಮೊಮ್ಮಗು. ಕೈ ಮೇಲೆತ್ತಿ ಅಟ್ಟದಿಂದ ಏನನ್ನಾದರೂ ತೆಗೆಯುವುದೂ ಬೇಡ. ಕುರ್ಚಿಯ ಕೆಲಸಕ್ಕೆ ಎರಡು ವಾರದಲ್ಲಿ ಹೋಗಬಹುದು, ತೋಟದ ಕೆಲಸಕ್ಕೆ ಆರು ವಾರ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟಿಗೂ ಅಷ್ಟೇ.

ಎರಡು ಮೂರು ವಾರದ ಹೊತ್ತಿಗೆ ಎಲ್ಲ ಸರಿಹೋಯಿತು ಎನ್ನುವಾಗ ನೇರ ಗೆರೆಯೂ ಬುಡದ ಗೆರೆಯೂ ಕೂಡುವಲ್ಲಿ ಕಡಲೆ ಗಾತ್ರದ ಗಾಯ ಬಾಯಿ ಬಿಡುವುದುಂಟು. ಇದೇ ಎಲ್ಲಕ್ಕಿಂತ ಸಾಮಾನ್ಯ ತೊಡಕು. ಮೂರು ಕಡೆಯ ಚರ್ಮ ಎಳೆದು ಕೂಡಿಸಿದ ಜಾಗ ಅದು, ಎಳೆತ ಜಾಸ್ತಿ, ರಕ್ತ ಕಡಿಮೆ. ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಬೇಡಿ. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ. ಹೆಚ್ಚಿನವು ಡ್ರೆಸ್ಸಿಂಗಿನಲ್ಲೇ ಕೆಲವು ವಾರದಲ್ಲಿ ಕೂಡುತ್ತವೆ. ಜ್ವರ, ಸುತ್ತಲೂ ಕೆಂಪು, ಕೀವು ಬಂದರೆ ಮಾತ್ರ ಅವತ್ತೇ ತೋರಿಸಬೇಕು. ತಿಂಗಳುಗಳ ಮೇಲೆ ಒಳಗೆ ಗಟ್ಟಿ ಗಂಟು ಕೈಗೆ ಸಿಕ್ಕರೆ ಅದು ರಕ್ತ ಸಿಗದೆ ಸತ್ತ ಕೊಬ್ಬು ಇರಬಹುದು, ಆದರೂ ಸ್ಕ್ಯಾನ್ ಮಾಡಿಸದೆ ಹಾಗೆಂದುಕೊಳ್ಳಬಾರದು. ಪೆಥಾಲಜಿ ವರದಿಯನ್ನು ನೆನಪಿಟ್ಟು ಕೇಳಿ ಪಡೆದು, ಮುಂದಿನ ಮ್ಯಾಮೊಗ್ರಾಂಗಳ ಜೊತೆ ಒಂದೇ ಫೈಲಿನಲ್ಲಿಡಿ.

ನಮ್ಮ ಮೈಬಣ್ಣಕ್ಕೆ ಗೆರೆ ಉಬ್ಬುವುದು ಹೆಚ್ಚು. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಅಥವಾ ಪಟ್ಟಿ ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು ಮೂರು ತಿಂಗಳು. ಮೊದಲ ತಿಂಗಳುಗಳಲ್ಲಿ ಗೆರೆ ಕೆಂಪಾಗಿ, ಗಟ್ಟಿಯಾಗಿಯೇ ಇರುತ್ತದೆ. ಮಾಸಲು ಒಂದರಿಂದ ಒಂದೂವರೆ ವರ್ಷ. ಕಿವಿ ಚುಚ್ಚಿದಲ್ಲಿ, ತೋಳಿನ ಲಸಿಕೆಯ ಜಾಗದಲ್ಲಿ ಗಂಟು ಕಟ್ಟಿದವರು ಅದನ್ನು ಮೊದಲ ಭೇಟಿಯಲ್ಲೇ ಸರ್ಜನ್ನರಿಗೆ ತೋರಿಸಬೇಕು.

ಊತ ಪೂರ್ತಿ ಇಳಿಯುವ ಮುನ್ನ ಹೊಸ ಬ್ರಾಗಳ ರಾಶಿ ಕೊಳ್ಳಬೇಡಿ. ಮೂರು ತಿಂಗಳಾದ ಮೇಲೆ ಅದೇ ಟೇಪಿನಲ್ಲಿ ಅದೇ ಎರಡು ಅಳತೆ ತೆಗೆದು ಎರಡು ಕೊಳ್ಳಿ. ರೇಷ್ಮೆ ರವಿಕೆ ಹೊಲಿಸುವುದು ಆರು ತಿಂಗಳಾದ ಮೇಲೆ, ಅದೂ ಪಕ್ಕದ ಹೊಲಿಗೆಯೊಳಗೆ ಎರಡೂ ಕಡೆ ಒಂದೊಂದಿಂಚು ಬಟ್ಟೆ ಬಿಡಲು ದರ್ಜಿಗೆ ಹೇಳಿ.